ಕಿವಿಗೆ ಹಿಡಿದ ಡಿಸ್ಕು

ಕೈ ಅದನ್ನು ಮಾಡಿ ಮುಗಿಸಿದ ಮೇಲೆ ಸಿದ್ದಮ್ಮನಿಗೆ ಗೊತ್ತಾಯಿತು. ಮಗಳ ಅಂಗಡಿಯ ಮೇಜಿನ ಮೇಲೆ ಕರಿ ವೈರು ಕಚ್ಚಿಕೊಂಡು ಕೂತಿದ್ದ, ಸೋಪಿನ ಡಬ್ಬಿಗಿಂತ ಒಂದಿಷ್ಟು ಅಗಲವಾದ ಆ ಹಾರ್ಡ್ ಡಿಸ್ಕನ್ನು ಎತ್ತಿ, ಬಲಗಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿದ್ದಳು. ಅಟ್ಟದ ಮೇಲೆ ತೆಂಗಿನಕಾಯಿ ಹಿಡಿದು ಅಲ್ಲಾಡಿಸುವ ಹಾಗೆಯೇ, ಮಣಿಕಟ್ಟಿನಿಂದ, ಗಟ್ಟಿಯಾಗಿ. ಒಳಗೆ ಟಿಕ್ ಎಂದಿತು. ಅಲ್ಲಿಯವರೆಗೆ ಬೆರಳಿಗೆ ಮಾತ್ರ ತಿಳಿಯುತ್ತಿದ್ದ ಒಂದು ಸಣ್ಣ ನಡುಕ ಇತ್ತಲ್ಲ, ದನದ ಮೈಮೇಲೆ ಕೈಯಿಟ್ಟಾಗ ಚರ್ಮದ ಒಳಗೆ ಹರಿದುಹೋಗುವಂಥದ್ದು, ಅದು ನಿಂತುಹೋಯಿತು. ಅವಳು ಡಿಸ್ಕನ್ನು ಇದ್ದಲ್ಲೇ ಇಟ್ಟಳು. ವೈರು ಮೊದಲು ಯಾವ ಕಡೆಗೆ ಬಾಗಿತ್ತೋ ಆ ಕಡೆಗೇ ಬಾಗಿಸಿದಳು. ಹೊರಗೆ ಕೆ.ಬಿ. ಕ್ರಾಸಿನಲ್ಲಿ ಬಸ್ಸಿನ ಕಂಡಕ್ಟರು ತಿಪಟೂರು ತಿಪಟೂರು ಎಂದು ಕೂಗುತ್ತಿದ್ದ, ಎದುರಿನ ಎಳನೀರಿನ ಗಾಡಿಯವನು ಮಚ್ಚು ಮಸೆಯುತ್ತಿದ್ದ. ಯಾರೂ ಈ ಕಡೆ ನೋಡಿರಲಿಲ್ಲ. ಯಾರೂ ನೋಡಲಿಲ್ಲವೆಂಬ ಸಮಾಧಾನ ಮನಸ್ಸಿಗೆ ಬಂದ ಕೂಡಲೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಕದ್ದವರಿಗೆ ತಾನೇ ಮೊದಲು ಆ ಸಮಾಧಾನ ಬರುವುದು.

ಅವಳ ಕಿವಿ ಅಂಥಿಂಥ ಕಿವಿಯಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಅವಳಿಗೆ ಸಿಕ್ಕ ಮೊದಲ ಮರ್ಯಾದೆ ಈ ಕಿವಿಯಿಂದ ಸಿಕ್ಕಿದ್ದು. ಅಟ್ಟಕ್ಕೆ ಹಾಕಿದ ಕಾಯಿ ಹೊಗೆ ಕುಡಿಯುತ್ತಾ, ಹೆಂಚಿನ ಬಿಸಿಲು ಕುಡಿಯುತ್ತಾ, ತನ್ನ ಪಾಡಿಗೆ ತಾನು ಒಣಗಬೇಕು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳಿದ ಸದ್ದು ಬಂದರೆ ಗಿಟುಕು, ಅಂದರೆ ಒಣ ಕೊಬ್ಬರಿ, ಆಯಿತು ಎಂದು ಲೆಕ್ಕ. ಎಲ್ಲರೂ ಅಲ್ಲಾಡಿಸುತ್ತಾರೆ, ಎಲ್ಲರಿಗೂ ಸದ್ದು ಕೇಳುತ್ತದೆ. ಆದರೆ ಉರುಳಿದ್ದು ಪೂರ್ತಿ ಒಣಗಿದ ಉಂಡೆಯೋ, ಒಂದು ಕಡೆ ಇನ್ನೂ ಹಸಿಯಿದ್ದು ಮೋಸ ಮಾಡುತ್ತಿದೆಯೋ ಎಂಬುದು ಸಿದ್ದಮ್ಮನಿಗೆ ಕೇಳಿದಂತೆ ಬೇರೆಯವರಿಗೆ ಕೇಳುವುದಿಲ್ಲ. ಅತ್ತೆ ಕಲ್ಲಮ್ಮ, ಬಾಯಿಬಿಟ್ಟು ಯಾರನ್ನೂ ಹೊಗಳದ ಹೆಂಗಸು, ಏಣಿಯ ಕೆಳಗೆ ನಿಂತು, ಮೇಲಿರುವ ಸೊಸೆ ಏನು ಹೇಳುತ್ತಾಳೋ ಎಂದು ಕತ್ತೆತ್ತಿ ಕಾಯುತ್ತಿದ್ದಳು. ಆಮೇಲೆ ಸಂಪಿಗೆ ಊರಿನಿಂದ ನಾದಿನಿ ಕರೆಸಿಕೊಂಡಳು, ಪಕ್ಕದ ತೋಟದವರು ಕರೆಸಿಕೊಂಡರು. ಯಾರ ಮನೆಯ ಅಟ್ಟ ಹತ್ತಿದರೂ ಕೆಳಗೆ ಗಂಡಸರು ಮಾತು ನಿಲ್ಲಿಸುತ್ತಿದ್ದರು. ಅದೇ ಕಿವಿಗೆ ಈಗ ಟಿಕ್ ಎಂದು ಬಿದ್ದದ್ದು ಏನು ಎಂದು ತಿಳಿಯಲಿಲ್ಲ. ಹಸಿಯೋ ಒಣಗಿದ್ದೋ, ಒಳ್ಳೆಯದೋ ಕೆಟ್ಟದ್ದೋ. ಇಷ್ಟು ವರ್ಷಗಳಲ್ಲಿ ಕೈಗೆ ಬಂದ ಒಂದು ವಸ್ತು ಮೊದಲ ಸಲ ಅವಳಿಗೆ ಅರ್ಥವಾಗದ ಉತ್ತರ ಕೊಟ್ಟಿತ್ತು.

ಅವಳು ಬಂದದ್ದು ಮಗಳಿಗೆ ಬುತ್ತಿ ಕೊಟ್ಟು ಹೋಗಲು. ಹಾಗೆಂದು ಗಂಡ ಗಂಗಾಧರಯ್ಯನಿಗೆ ಹೇಳಿ ಬಂದಿದ್ದಳು. ನಿಜವಾಗಿ ಬಂದದ್ದು ಬೋರ್ಡು ನೋಡಲು. ಪ್ರತಿ ಸಲ ಬಸ್ಸಿಳಿದು, ಹೆದ್ದಾರಿಯ ಆ ಬದಿಯಲ್ಲೇ ಒಂದು ಗಳಿಗೆ ನಿಂತು, ಹಾರ್ಡ್‌ವೇರ್ ಅಂಗಡಿಗೂ ಬೇಕರಿಗೂ ನಡುವೆ ಒತ್ತಿಕೊಂಡು ನಿಂತ ಆ ಮಳಿಗೆಯ ನೆತ್ತಿಯ ಮೇಲೆ ‘ಲಿಖಿತಾ ಕಂಪ್ಯೂಟರ್ಸ್’ ಎಂದು ಬರೆದಿರುವುದನ್ನು ಓದಿಕೊಂಡೇ ರಸ್ತೆ ದಾಟುತ್ತಿದ್ದಳು. ಅವರ ವಂಶದಲ್ಲಿ ಹೆಣ್ಣಿನ ಹೆಸರು ಗೋಡೆಯ ಮೇಲೆ ಬಂದದ್ದು ಇದೇ ಮೊದಲು. ಮೈದುನ ಪರಮೇಶ್ ಮಾತ್ರ ಅಂಗಡಿಯ ಪೂಜೆಯ ದಿನವೇ, ಪ್ರಸಾದದ ದೊನ್ನೆ ಕೈಯಲ್ಲಿ ಹಿಡಿದುಕೊಂಡು, ಹೆಣ್ಣುಮಗಳು ಕ್ರಾಸಿನಲ್ಲಿ ಕೂತು ಊರವರ ಡಬ್ಬ ಬಿಚ್ಚುವುದು ಎಷ್ಟು ದಿನದ ಆಟವೋ ನೋಡೋಣ ಎಂದಿದ್ದ. ನಗುನಗುತ್ತಲೇ ಅಂದಿದ್ದ. ಸಿದ್ದಮ್ಮನೂ ನಗುನಗುತ್ತಲೇ ಅವನ ದೊನ್ನೆಗೆ ಇನ್ನೊಂದು ಸೌಟು ಪ್ರಸಾದ ಹಾಕಿದ್ದಳು. ಅಂದಿನಿಂದ ಅಂಗಡಿಯಲ್ಲಿ ಯಾವುದು ಚೆನ್ನಾಗಿ ನಡೆದರೂ ಅದು ಹೇಗೋ ಪರಮೇಶನ ಕಿವಿಗೆ ಬೀಳುವಂತೆ ನೋಡಿಕೊಂಡಿದ್ದಳು. ಹಾಗಾದರೆ ಕೆಟ್ಟದ್ದೂ ಬೀಳುತ್ತದೆ. ದಾರಿ ತಾನೇ ಮಾಡಿಕೊಟ್ಟಾಗಿದೆಯಲ್ಲ.

ಬೆಳಿಗ್ಗೆ ಬಂದಾಗ ಲಿಖಿತಾ ಕೆಲಸ ವಿವರಿಸಿದ್ದಳು. ಕೇಳಿದರೆ ಮಾತ್ರ ಹೇಳುವ ಹುಡುಗಿ, ಆದರೆ ಕೇಳಿದರೆ ಪೂರ್ತಿ ಹೇಳುತ್ತಾಳೆ. ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಅರುಣ್ ಕುಮಾರ್ ತನ್ನ ಕಂಪ್ಯೂಟರು ತಂದುಬಿಟ್ಟಿದ್ದ. ಅದರ ಹೊಟ್ಟೆ ತುಂಬಿಹೋಗಿದೆ, ವೈರಸ್ಸು ಹೊಕ್ಕಿದೆ, ಕಂಡಲ್ಲಿ ಕಂಡದ್ದು ತುರುಕಿ ಹೊಸದು ಹಳೆಯದು ಕಲೆಸಿ ಹೋಗಿದೆ. ಅವನು ತೆಗೆದ ಮದುವೆಗಳು, ನಾಮಕರಣಗಳು, ಸತ್ತವರ ಮನೆಯವರು ಕೇಳಿಕೊಂಡು ಬರುವ ಫೋಟೋಗಳು, ಎಲ್ಲ ಅದರಲ್ಲೇ. ಅದನ್ನೆಲ್ಲ ಮೊದಲು ಈ ಪುಟ್ಟ ಡಿಸ್ಕಿಗೆ ಕಾಪಿ ಮಾಡಬೇಕು. ಆಮೇಲೆ ಕಂಪ್ಯೂಟರನ್ನು ಪೂರ್ತಿ ಅಳಿಸಬೇಕು. ಅಳಿಸಿ, ಬರಿದಾದ ಜಾಗವನ್ನು ಹೊಸದಾಗಿ ಭಾಗ ಮಾಡಬೇಕು. ಅಳಿಸಿದ್ದು ತಿರುಗಿ ಬರುವುದಿಲ್ಲ ಎಂದೂ ಹೇಳಿದ್ದಳು. ನಿನ್ನೆ ಹಚ್ಚಿದ ಕಾಪಿ ಮುಗಿದಿತ್ತು. ತೆರೆದು ನೋಡಿ ಸರಿಯಿದೆ ಎಂದು ತಲೆದೂಗಿ, ಅಷ್ಟರಲ್ಲಿ ಫೋನು ಬಂದು, ಒಳಗೆ ಮಾತು ಸರಿಯಾಗಿ ಕೇಳುವುದಿಲ್ಲವೆಂದು ರಸ್ತೆಗೆ ಹೋಗಿದ್ದಳು. ಸಿದ್ದಮ್ಮ ಒಬ್ಬಳೇ ಆ ಡಬ್ಬಿಯನ್ನು ನೋಡುತ್ತಾ ಕೂತಿದ್ದಳು. ಅರ್ಧ ತಾಲ್ಲೂಕಿನ ಮದುವೆ ಇಷ್ಟು ಚಿಕ್ಕದರಲ್ಲಿ. ಅದನ್ನು ತುಂಬಿದವಳು ತನ್ನ ಹೊಟ್ಟೆಯ ಕೂಸು. ಎದೆ ಉಬ್ಬಿ ಬಂತು, ಕೈ ತಾನಾಗಿ ಮುಂದೆ ಹೋಯಿತು. ಆಮೇಲೆ ನಡೆದದ್ದು ನಡೆದುಹೋಗಿತ್ತು.

ಲಿಖಿತಾ ಒಳಗೆ ಬಂದಳು. ಬರುತ್ತಲೇ ಆ ವೈರು ಕಿತ್ತು, ಡಿಸ್ಕನ್ನು ಬಟ್ಟೆಯ ಚೀಲಕ್ಕೆ ಹಾಕಿ ಮೇಜಿನ ಖಾನೆಗೆ ಸೇರಿಸಿದಳು. ಅಷ್ಟು ಜೋಪಾನ. ಅವಳ ಹಿಂದೆಯೇ ಅರುಣ್ ಕುಮಾರನೂ ಬಂದ. ಹೊಟ್ಟೆಯ ಮೇಲೆ ಕ್ಯಾಮೆರಾದ ಚೀಲ ಹಾಕಿಕೊಂಡ, ಎಲ್ಲರನ್ನೂ ಸ್ವಲ್ಪ ನಗು ಎಂದು ಕೇಳಿ ಕೇಳಿ ತನ್ನ ಮುಖದಲ್ಲೇ ಒಂದು ನಗು ಉಳಿಸಿಕೊಂಡ ಮನುಷ್ಯ. ಕುರ್ಚಿ ಎಳೆದುಕೊಂಡು ಸಿದ್ದಮ್ಮನ ಪಕ್ಕ ಕೂತು, ಈ ವರ್ಷ ಕಾಯಿ ಹೇಗೆ, ಎಮ್ಮೆ ಕರು ಹಾಕಿತೇ ಎಂದೆಲ್ಲ ವಿಚಾರಿಸಿದ. ತಿಪಟೂರಿನಲ್ಲಿ ಎಷ್ಟೋ ಅಂಗಡಿ ಇದ್ದರೂ ಇಲ್ಲಿಗೇ ತಂದದ್ದು ಏಕೆಂದರೆ, ಅಲ್ಲಿಯವರು ಅಳಿಸಿಬಿಟ್ಟು ಆಮೇಲೆ ಸಾರಿ ಎನ್ನುತ್ತಾರೆ, ನಿಮ್ಮ ಮಗಳು ಹಾಗಲ್ಲ ಎಂದ. ಸಿದ್ದಮ್ಮ ಹೂಂಗುಟ್ಟಿದಳು. ಇನ್ನೊಂದು ದಿನವಾಗಿದ್ದರೆ ಈ ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗಿ, ಹಾಲಿನ ಡೈರಿಯ ಸಾಲಿನಲ್ಲಿ ನಿಂತಾಗ ಬಿಚ್ಚುತ್ತಿದ್ದಳು.

ಲಿಖಿತಾ ಒಂದು ಪೆನ್ ಡ್ರೈವ್ ಚುಚ್ಚಿದಳು. ಪರದೆ ಕಪ್ಪಾಗಿ, ಮತ್ತೆ ನೀಲಿಯಾಗಿ, ನಡುವೆ ಬಿಳಿಯ ಕಿಟಕಿಯೊಂದು ಮೂಡಿತು. ಅದರಲ್ಲಿ ಸಾಲಾಗಿ ಏನೇನೋ. ಸಿದ್ದಮ್ಮನಿಗೆ ಇಂಗ್ಲಿಷು ಓದಲು ಬರುವುದಿಲ್ಲ, ಆದರೆ ಮಗಳ ಬೆನ್ನು ಓದಲು ಬರುತ್ತದೆ. ಆ ಬೆನ್ನು ಈಗ ನೆಟ್ಟಗಾಯಿತು. ಬಾವಿಗೆ ಕೊಡ ಬಿಡುವ ಮೊದಲು ಹಗ್ಗ ನೋಡಿಕೊಳ್ಳುವವಳ ಹಾಗೆ. ಏನೂ ಆಗಿರಲಿಕ್ಕಿಲ್ಲ ಎಂದುಕೊಂಡಳು ಸಿದ್ದಮ್ಮ. ಎಳೆಕೂಸನ್ನೇ ತೊಟ್ಟಿಲಲ್ಲಿ ಅಷ್ಟು ಜೋರಾಗಿ ತೂಗುತ್ತೇವೆ, ಕಬ್ಬಿಣದ ಡಬ್ಬಿಗೆ ಏನಾದೀತು. ಹೇಳಿದರೆ ಈ ಅರುಣ್ ಕುಮಾರ ನಗುತ್ತಾನೆ. ಅವನು ಮದುವೆಯಿಂದ ಮದುವೆಗೆ ತಿರುಗುವವನು, ಸಂಜೆಯೊಳಗೆ ತುರುವೇಕೆರೆಯವರೆಗೆ ಸುದ್ದಿ. ಲಿಖಿತಾಳ ಅವ್ವ ಕಂಪ್ಯೂಟರನ್ನು ಕಾಯಿ ಅಂದುಕೊಂಡು ಅಲ್ಲಾಡಿಸಿದಳಂತೆ. ಪರಮೇಶ್ ಬಾಗಿಲಿಗೆ ಬಂದು ಕೇಳುತ್ತಾನೆ, ಅತ್ತಿಗೆ, ಕಂಪ್ಯೂಟರು ಒಣಗಿತ್ತೇ ಎಂದು. ಅದನ್ನು ತಾನು ತಡೆದುಕೊಳ್ಳಬಹುದು. ಆದರೆ ಮಗಳು ನಾಳೆಯಿಂದ ಈ ಕುರ್ಚಿಯಲ್ಲಿ ಕೂತು, ಬರುವ ಗಿರಾಕಿಯ ಮುಖದಲ್ಲೆಲ್ಲ ಆ ನಗು ಕಾಣಬೇಕಾಗುತ್ತದೆ. ಹೇಳದಿದ್ದರೆ? ಅಡುಗೆಮನೆಯಲ್ಲಿ ಹೇಳದೆ ನುಂಗಿದ್ದು ಎಷ್ಟಿಲ್ಲ. ಒಡೆದ ಬೋಗುಣಿಯನ್ನು ಬೆಕ್ಕಿನ ತಲೆಗೆ ಕಟ್ಟಿದ್ದಿದೆ, ಸೀದ ಪಾಯಸಕ್ಕೆ ಸೌದೆಯನ್ನು ಬೈದದ್ದಿದೆ. ಎಲ್ಲ ದಕ್ಕಿತ್ತು. ಆದರೆ ಅದ್ಯಾವುದರಲ್ಲೂ ಬೋರ್ಡಿನ ಮೇಲೆ ಹೆಸರಿರಲಿಲ್ಲ.

ಮಗಳ ತೋರುಬೆರಳು ಮೌಸಿನ ಮೇಲೆ ಎದ್ದು ನಿಂತಿತ್ತು.

“ಲಿಖಿತಾ, ತಡಿಯೇ.”

ದನಿ ಅವಳಿಗೇ ಅಪರಿಚಿತವಾಗಿ ಕೇಳಿತು. ಲಿಖಿತಾ ತಿರುಗದೆ, ಏನಮ್ಮ ಎಂದಳು.

“ಅದ್ನ ನಾನು ಅಲ್ಲಾಡಿಸ್ದೆ ಕಣವ್ವ. ನೀನು ಆಚಿಗೋದಾಗ. ಕಿವಿಗಿಟ್ಕಂಡು.”

“ಯಾವ್ದನ್ನ?”

“ಆ ಡಬ್ಬೀನ. ಟಿಕ್ ಅಂತು. ಆಮೇಕೆ ಸುಮ್ಕಾಗೋಯ್ತು.”

ಬೆರಳು ಮೌಸಿನಿಂದ ಇಳಿಯಿತು. ಲಿಖಿತಾ ಖಾನೆ ಎಳೆದು ಡಿಸ್ಕು ತೆಗೆದು, ತನ್ನ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದಳು. ಮೂವರೂ ಕೇಳಿದರು. ಟಿಕ್. ಸ್ವಲ್ಪ ಬಿಟ್ಟು ಟಿಕ್. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ ಹಾಗೆ, ಒಂದೇ ಅಳತೆಯಲ್ಲಿ. ಪರದೆಯ ಮೇಲೆ ಏನೂ ಬರಲಿಲ್ಲ. ಇನ್ನೊಂದು ವೈರು ಹಾಕಿದಳು, ಇನ್ನೊಂದು ತೂತಿಗೆ ಚುಚ್ಚಿದಳು. ಟಿಕ್. ಸಿದ್ದಮ್ಮನಿಗೆ ಈಗ ಆ ಸದ್ದು ಅರ್ಥವಾಯಿತು. ಅದು ಅರ್ಥವಾಗಲು ಮಗಳ ಮುಖ ನೋಡಬೇಕಾಗಿರಲಿಲ್ಲ.

ಅರುಣ್ ಕುಮಾರ ಮೊದಲು ನಕ್ಕ. ಸಿದ್ದಕ್ಕ ಅದನ್ನೇನು ಕಾಯಿ ಅಂದುಕೊಂಡಿರಾ ಎಂದ. ನಗು ಅರ್ಧಕ್ಕೆ ಬರುವಷ್ಟರಲ್ಲಿ ಅವನಿಗೆ ವಿಷಯದ ಆಳ ತಿಳಿದು, ಎದ್ದು ನಿಂತ. ಮುಖದಲ್ಲಿ ಯಾವಾಗಲೂ ಇರುತ್ತಿದ್ದ ಆ ನಗು ಅಳಿದ ಮೇಲೆ ಅವನು ಬೇರೆ ಯಾರೋ ಆಗಿ ಕಂಡ.

“ನಿನ್ ನಂಬಿ ಕೊಟ್ಟೆ ಕಣಮ್ಮ. ಅದು ನನ್ ಹೊಟ್ಟೆಪಾಡು. ನೀನು ಮನೆಮಂದಿ ಕೈಲಿ ಗಿಲಕಿ ಆಡಿಸ್ಕಂಡು ಕೂತಿದ್ಯಲ್ಲ. ಅದ್ಕೇ ಅನ್ನೋದು, ಅಂಗ್ಡಿ ಅನ್ನೋದು ಅಡ್ಗೆಮನೆ ಅಲ್ಲ.”

ಸಿದ್ದಮ್ಮ ತಲೆ ತಗ್ಗಿಸಿದಳು. ಈಗ ಮಗಳು ಏನಾದರೂ ಒಂದು ಸುಳ್ಳು ಹೇಳಲಿ ಎಂದು ಬೇಡಿಕೊಂಡಳು. ಕರೆಂಟು ಹೋಯಿತು ಎನ್ನಲಿ, ಡಿಸ್ಕೇ ಹಳೆಯದು ಎನ್ನಲಿ. ಅಥವಾ ತನ್ನನ್ನೇ ಬೈಯಲಿ, ಗಿರಾಕಿಯ ಮುಂದೆ ಅಮ್ಮನನ್ನು ಬೈದರೆ ಗಿರಾಕಿಗೆ ತಂಪಾಗುತ್ತದೆ, ತಾನು ಅದನ್ನು ತಡೆದುಕೊಳ್ಳುತ್ತೇನೆ. ಲಿಖಿತಾ ಎದ್ದು ನಿಲ್ಲಲಿಲ್ಲ, ದನಿ ಏರಿಸಲಿಲ್ಲ. ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿಕೊಂಡಳು.

“ಅರುಣಣ್ಣ, ಇಲ್ಲಿ ಕೇಳಿ. ನಿಮ್ ಫೋಟೋ ಎಲ್ಲಾ ನಿಮ್ ಕಂಪ್ಯೂಟರ್ನಾಗೇ ಅವೆ, ಒಂದೂ ಹೋಗಿಲ್ಲ. ಹೋಗಿದ್ದು ನನ್ ಡಿಸ್ಕು. ವೈರು ಕೀಳ್ದೆ ಹಂಗೇ ಬಿಟ್ಟು ಎದ್ದೋದೋಳು ನಾನು. ಇನ್ನೊಂದ್ಸಲ ತೆಗ್ದು ನೋಡ್ದೆ ಅಳಿಸಕ್ಕೆ ಕೂತೋಳೂ ನಾನೇ. ಅಮ್ಮ ಹೇಳಿದ್ದಕ್ಕೆ ಉಳ್ಕಂಡಿದೀವಿ. ಸ್ಟುಡಿಯೋದಾಗೆ ಇನ್ನೊಂದು ಡಿಸ್ಕ್ ಇದ್ರೆ ತನ್ನಿ, ಸಂಜಿಕೆಲ್ಲಾ ಮಾಡಿ ಕೊಡ್ತೀನಿ. ಬ್ಯಾಡ ಅಂದ್ರೆ ಕಂಪ್ಯೂಟ್ರು ಹೆಂಗೈತೋ ಹಂಗೇ ತಗಂಡೋಗಿ. ನಂಗೇನೂ ಬೇಜಾರಿಲ್ಲ.”

 ಅರುಣ್ ಕುಮಾರ ಕಂಪ್ಯೂಟರನ್ನು ನೋಡಿದ, ಹುಡುಗಿಯನ್ನು ನೋಡಿದ, ಹೊರಗೆ ನಿಲ್ಲಿಸಿದ ಬೈಕನ್ನು ನೋಡಿದ. ಏನೋ ಗೊಣಗಿಕೊಂಡು ಹೊರಟ. ತಗೊಂಡು ಹೋಗಲೂ ಇಲ್ಲ, ಬರುತ್ತೇನೆ ಎನ್ನಲೂ ಇಲ್ಲ. ಸಿದ್ದಮ್ಮ ಮಗಳನ್ನು ನೋಡುತ್ತಾ ಕೂತಳು. ಈ ದನಿ ಎಲ್ಲಿಂದ ಬಂತು ಇವಳಿಗೆ. ಗಂಗಾಧರಯ್ಯ ಮಾತು ಬಂದರೆ ತೋಟಕ್ಕೆ ಎದ್ದುಹೋಗುವವನು. ತಾನು ಮಾತನ್ನು ನುಂಗಿ, ಎಷ್ಟೋ ದಿನ ಬಿಟ್ಟು, ಬೇರೆ ಯಾವುದೋ ನೆಪದಲ್ಲಿ ಅದನ್ನು ಉಗುಳುವವಳು. ಇವಳು ಮಾತ್ರ, ಇನ್ನೊಬ್ಬರ ತಲೆಯ ಮೇಲಿನ ಕೊಡ ಇಳಿಸಿಕೊಳ್ಳುವ ಹಾಗೆ, ತಪ್ಪನ್ನು ತೆಗೆದು ತನ್ನ ಸೊಂಟದ ಮೇಲೆ ಇಟ್ಟುಕೊಂಡಿದ್ದಳು. ಒಂದು ಹನಿ ತುಳುಕಿರಲಿಲ್ಲ.

ಊಟಕ್ಕೆ ಕೂತರು. ಮುದ್ದೆ ಆರಿತ್ತು. ಲಿಖಿತಾ ಕೆಟ್ಟ ಡಿಸ್ಕನ್ನು ಎಡಗೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸುತ್ತಾ, ಅದರೊಳಗೆ ಕನ್ನಡಿಯಂಥ ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಒಂದು ಮುಳ್ಳು ಓಡಾಡುತ್ತಿರುತ್ತದೆ, ತಿರುಗುವಾಗ ಜಾಡಿಸಿದರೆ ಮುಳ್ಳು ತಟ್ಟೆಗೆ ಬಡಿಯುತ್ತದೆ ಎಂದು ಹೇಳಿದಳು. ಬೈಗುಳದ ಸುಳಿವೂ ಇರಲಿಲ್ಲ. ಅದೇ ಸಿದ್ದಮ್ಮನಿಗೆ ಚುಚ್ಚಿತು. ಮುಂಚೆಯೇ ಹೇಳಬಾರದಿತ್ತೇ ಎಂದಳು. ಇದನ್ನು ಅಲ್ಲಾಡಿಸಬೇಡಿ ಎಂದು ಲೋಕದಲ್ಲಿ ಯಾರೂ ಯಾರಿಗೂ ಹೇಳಿರಲಾರರು ಎಂದಳು ಮಗಳು. ಆಮೇಲೆ ತುತ್ತು ಕೈಯಲ್ಲೇ ಹಿಡಿದು ಕೇಳಿದಳು.

“ಏನ್ ಕೇಳಕ್ಕೋಗಿದ್ದೆ ಅಮ್ಮ, ಅದ್ರೊಳ್ಗೆ?”

ಸಿದ್ದಮ್ಮ ಸಾರಿನ ಬಟ್ಟಲನ್ನು ಸುಮ್ಮನೆ ಸರಿಸಿದಳು.

“ನಿನ್ ಕೆಲ್ಸ ಎಷ್ಟು ಆಗೈತೆ ಅಂತ.”

ಲಿಖಿತಾಳಿಗೆ ನಗು ಬಂದು ನೆತ್ತಿಗೆ ಹತ್ತಿತು. ಕೆಮ್ಮಿ, ಕಣ್ಣಲ್ಲಿ ನೀರು ಬಂದು, ಒರೆಸಿಕೊಂಡು, ಮತ್ತೆ ನಕ್ಕಳು. ಸಿದ್ದಮ್ಮ ಅವಳ ನೆತ್ತಿ ತಟ್ಟುತ್ತಾ ತಾನೂ ನಕ್ಕಳು. ಅಷ್ಟರಲ್ಲಿ ಬಾಗಿಲಲ್ಲಿ ಬೈಕು ನಿಂತಿತು. ಅರುಣ್ ಕುಮಾರ ಹೆಲ್ಮೆಟ್ಟೂ ತೆಗೆಯದೆ ಹೊಸ ಡಿಸ್ಕೊಂದನ್ನು ಎರಡೂ ಕೈಯಲ್ಲಿ, ತೀರ್ಥದ ಬಟ್ಟಲಿನಂತೆ ಹಿಡಿದು ತಂದು, ಸಿದ್ದಮ್ಮನಿಂದ ದೂರದ ಮೂಲೆಯಲ್ಲಿ ಇಟ್ಟ. ಅವಳಿಗೆ ಅದು ನಾಟಿತು. ಆದರೂ ಅವನು ವಾಪಸ್ಸು ಬಂದಿದ್ದ. ಬೈದು ಹೋದವನು, ತಿಪಟೂರಿನ ಅಷ್ಟು ಅಂಗಡಿಗಳನ್ನು ದಾಟಿ, ಇಲ್ಲಿಗೇ ಬಂದಿದ್ದ.

ಮತ್ತೆ ಕಾಪಿ ಶುರುವಾಯಿತು. ಪರದೆಯ ಮೇಲೆ ಹಸಿರು ಪಟ್ಟಿ ಇಬ್ಬನಿ ಕರಗಿದಷ್ಟು ನಿಧಾನಕ್ಕೆ ಮುಂದೆ ಹೋಗುತ್ತಿತ್ತು. ಸಿದ್ದಮ್ಮ ಹೋಗಬಹುದಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಕಾಯುತ್ತಿರುತ್ತದೆ, ಅವಳ ಕೈಗಲ್ಲದೆ ಹಾಲು ಇಳಿಸುವುದಿಲ್ಲ. ಗಂಡನಿಗೆ ಫೋನು ಮಾಡಿ, ಪಕ್ಕದ ಮನೆಯ ರಂಗಕ್ಕನಿಗೆ, ನನ್ನ ಹಳೆಯ ಸೀರೆ ಹೊದ್ದುಕೊಂಡು ಕೂತು ಕರೆದುನೋಡು ಎಂದು ಹೇಳಿಸಿದಳು. ಗಂಗಾಧರಯ್ಯ ಫೋನಿನಲ್ಲಿ ಏನಾಯಿತೆಂದು ಕೇಳಿದ್ದಕ್ಕೆ, ಏನೂ ಇಲ್ಲ, ಕೆಲಸ ನಡೆಯುತ್ತಿದೆ ಎಂದಳು. ನಾನು ಕೆಡಿಸಿದೆ ಎನ್ನಲು ಬಾಯಿ ತೆರೆದಿದ್ದಳು, ಅವನೇ ಫೋನು ಇಟ್ಟುಬಿಟ್ಟ. ಬೇಕರಿಯಿಂದ ಬ್ರೆಡ್ಡು ಬೇಯುವ ವಾಸನೆ ಬಂತು. ಶಾಲೆ ಬಿಟ್ಟ ಮಕ್ಕಳು ಹೆದ್ದಾರಿ ದಾಟಿದರು. ದೀಪ ಹಾಕುವ ಹೊತ್ತಿಗೆ ಪಟ್ಟಿ ತುದಿ ಮುಟ್ಟಿತು.

ಲಿಖಿತಾ ಈ ಸಲ ಅವಸರ ಮಾಡಲಿಲ್ಲ. ಡಿಸ್ಕನ್ನು ಕಿತ್ತು, ತನ್ನ ಲ್ಯಾಪ್‌ಟಾಪಿಗೆ ಹಾಕಿ, ಅಲ್ಲೊಂದು ಇಲ್ಲೊಂದು ಫೋಲ್ಡರು ತೆರೆದು ನೋಡುತ್ತಾ ಹೋದಳು. ಸಿದ್ದಮ್ಮ ಹಿಂದಿನಿಂದ ನೋಡಿದಳು. ಧಾರೆಗೆ ನೀರು ಎರೆಯುತ್ತಿರುವ ಗೊತ್ತಿಲ್ಲದ ಕೈಗಳು. ಬಾಸಿಂಗದ ಭಾರಕ್ಕೆ ಹುಬ್ಬು ಗಂಟಿಕ್ಕಿದ ಒಬ್ಬ ಮದುಮಗ. ಊಟದ ಪಂಕ್ತಿಯಲ್ಲಿ ಬಾಯಿತುಂಬ ಬೂಂದಿ ಇಟ್ಟುಕೊಂಡು ಕ್ಯಾಮೆರಾ ಕಂಡು ಬೆದರಿದ ಮುದುಕಿ. ಅಜ್ಜನೊಬ್ಬ ತಾನೇ ಹೇಳಿ ತೆಗೆಸಿಕೊಂಡ ಒಂಟಿ ಫೋಟೋ, ತಾನು ಹೋದ ಮೇಲೆ ಗೋಡೆಗೆ ಹಾಕಲಿಕ್ಕೆಂದೇ. ಇವರೆಲ್ಲ ಇಂದು ಬೆಳಿಗ್ಗೆ ತನ್ನ ಕಿವಿಯ ಪಕ್ಕ ಜೋಲಿ ಹೊಡೆದು ಬಿದ್ದಿದ್ದರು.  ನೆಟ್ಟಗಿದೆ ಎಂದಳು ಲಿಖಿತಾ, ತನಗೇ ಹೇಳಿಕೊಂಡ ಹಾಗೆ.

ನೀಲಿ ಪರದೆ, ಬಿಳಿ ಕಿಟಕಿ. ಮೌಸು ಒತ್ತಿದಳು. ಅದು ಖಂಡಿತವೇ ಎಂದು ಕೇಳಿತು, ಹೌದೆಂದಳು. ಒಂದೊಂದೇ ಸಾಲು ಮಾಯವಾಗಿ ಕೊನೆಗೆ ಒಂದೇ ಒಂದು ಸಾಲು ಉಳಿಯಿತು. ಎಲ್ಲಾ ಹೋಯಿತೇ ಎಂದ ಅರುಣ್ ಕುಮಾರ, ಸತ್ತ ಮನೆಯ ದನಿಯಲ್ಲಿ. ಲಿಖಿತಾ ಬರಿದಾದ ಜಾಗವನ್ನು ಭಾಗ ಮಾಡಲು ಕೂತಳು. ಕಂಪ್ಯೂಟರು ನಡೆಯಲು ಇಷ್ಟು, ಈ ವರ್ಷದ ಕೆಲಸಕ್ಕೆ ಇಷ್ಟು, ಹಳೆಯ ಮದುವೆಗಳು ಯಾರೂ ಮುಟ್ಟದೆ ತಮ್ಮಷ್ಟಕ್ಕಿರಲು ಇಷ್ಟು. ಮಾವ ಶಂಭುಲಿಂಗಯ್ಯ ತೋಟ ಭಾಗ ಮಾಡಿದ ದಿನ ಸಿದ್ದಮ್ಮ ಬಾಗಿಲ ಹಿಂದೆ ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದಳು. ಜಗುಲಿಯ ಮೇಲೆ ಗಂಡಸರು, ಹಗ್ಗ ಹಿಡಿದವರು, ಪಂಚರು. ಬಾವಿ ಯಾರ ಪಾಲಿಗೆ, ತೆಂಗಿನ ಮರಗಳ ಮೇಲುಸಾಲು ಯಾರ ಪಾಲಿಗೆ ಎಂದು ಎಲ್ಲರನ್ನೂ ಕೇಳಿದ್ದರು. ಆ ಸಾಲಿಗೆ ಬೇಸಿಗೆಯಿಡೀ ಕೊಡದಲ್ಲಿ ನೀರು ಹೊತ್ತವಳನ್ನು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ, ಅವಳಿಗೂ ತೋಚಿರಲಿಲ್ಲ. ಮಜ್ಜಿಗೆಗೆ ಉಪ್ಪು ಕಡಿಮೆಯಾಗಿದೆ ಎಂದಷ್ಟೇ ಆ ದಿನ ಅವಳ ಕಡೆ ತಿರುಗಿ ಮಾತಾಡಿದ್ದು.

ಅರುಣ್ ಕುಮಾರ ಮುಂದೆ ಬಾಗಿ, ಹಳೆಯದಕ್ಕೆ ಅಷ್ಟೊಂದು ಯಾಕೆ, ಹೊಸದಕ್ಕೆ ಹೆಚ್ಚಿಗೆ ಇಡು ಎಂದ. ಲಿಖಿತಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಹೊಸಾದೆಲ್ಲಾ ನಾಳಿಕ್ಕೆ ಹಳೇದಾಯ್ತದೆ ಅಣ್ಣ. ನಾನ್ ಹಾಕಿದ್ದಂಗಿರ್ಲಿ ಬುಡಿ.”

ಅವನು ಬಿಟ್ಟ. ಹಿಂದೆ ಸರಿದು ಕುರ್ಚಿಯಲ್ಲಿ ಕೂತ. ಸಿದ್ದಮ್ಮನಿಗೆ ಆಗ ಏನಾಯಿತೆಂದರೆ, ಬೆಳಿಗ್ಗೆಯಿಂದ ಎದೆಯಲ್ಲಿ ಟಿಕ್ಕೆನ್ನುತ್ತಿದ್ದುದು ಇನ್ನೂ ಅಲ್ಲೇ ಇದ್ದರೂ, ಅದರ ಪಕ್ಕದಲ್ಲೇ ಇನ್ನೊಂದು ಬಂದು ಕೂತಿತು. ಅದು ಬೋರ್ಡು ಓದಿದಾಗ ಬರುತ್ತಿದ್ದ ಹಿಗ್ಗಲ್ಲ. ಆ ಹಿಗ್ಗಿಗೆ ಪರಮೇಶ್ ಬೇಕಾಗಿದ್ದ, ಡೈರಿಯ ಸಾಲು ಬೇಕಾಗಿತ್ತು. ಇದಕ್ಕೆ ಯಾರೂ ಬೇಕಾಗಿರಲಿಲ್ಲ. ನಾಳೆ ಪರಮೇಶ್ ಬಂದು ಕೇಳಲಿ. ಹೌದಪ್ಪ, ಅಲ್ಲಾಡಿಸಿದೆ ಎನ್ನುತ್ತಾಳೆ.

ಅಷ್ಟರಲ್ಲಿ ಹೊಸಬನೊಬ್ಬ ಬಗಲಲ್ಲಿ ಲ್ಯಾಪ್‌ಟಾಪು ಅವುಚಿಕೊಂಡು ಮೆಟ್ಟಿಲು ಹತ್ತಿ ಬಂದ. ಅಂಗಡಿಯೊಳಗೆ ಕಣ್ಣಾಡಿಸಿ, ಪರದೆಯ ಮುಂದೆ ಬೆನ್ನು ತಿರುಗಿಸಿ ಕೂತ ಹುಡುಗಿಯನ್ನು ದಾಟಿ, ಕುರ್ಚಿಯಲ್ಲಿದ್ದ ಅರುಣ್ ಕುಮಾರನ ಕಡೆ ನೋಡಿ, ಯಜಮಾನರು ತಾವೇನಾ ಎಂದ. ಅರುಣ್ ಕುಮಾರ ಬಾಯಿ ತೆರೆಯುವ ಮೊದಲೇ ಸಿದ್ದಮ್ಮ ಎದ್ದು ನಿಂತಿದ್ದಳು. ಸೆರಗು ಸರಿಮಾಡಿಕೊಂಡಳು.

“ಯಜಮಾನ್ರು ಅಲ್ಲಿ ಕೂತವ್ರೆ,” ಎಂದಳು. “ಕೆಲ್ಸ ನಡೀತೈತೆ. ಮುಗಿಯಗಂಟ ಕೂತ್ಕಳಿ.”

ಅವನು ಲ್ಯಾಪ್‌ಟಾಪನ್ನು ಅವಳ ಕೈಗೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಮೇಜಿನ ಕಡೆ ಕೈ ತೋರಿಸಿ, ಅಲ್ಲಿ ಇಡಿ, ಅವರೇ ನೋಡುತ್ತಾರೆ ಎಂದಳು.